ಜಾಲತಾಣದಲ್ಲಿ ಸಜೀವ ವಾರ್ತಾಫಲಕ

ಪ್ರಾರ್ಥನೆಯ ವೇಳೆಯಲ್ಲಿ ದಿನದ ವಾರ್ತೆಗಳನ್ನು ಓದಿಸುವುದೂ, ಅವುಗಳ ಶೀರ್ಷಿಕೆಗಳನ್ನು ಕಪ್ಪು ಹಲಗೆಯ ಮೇಲೆ ಬರೆಸುವುದೂ ನಮ್ಮ ನಾಡಿನ ಪಾಠಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಸತ್ಸಂಪ್ರದಾಯ. ಆ ಹಲಗೆಯ ನೆತ್ತಿಯಲ್ಲಿ ಮೊಟ್ಟಮೊದಲು ಬರೆಯುವುದು ದಿನಾಂಕವನ್ನು. ಇಂದು ಹಲಗೆಯ ಕಾರ್ಯವನ್ನು ಜಾಲತಾಣವೂ ನಿರ್ವಹಿಸುತ್ತಿದೆ. ಅಲ್ಲಿ ವಾರ್ತೆಯು ತಾನಾಗಿಯೇ ಮೂಡುವ ಬಗೆ ಹೇಗೆ, ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಶಾಲೆಗೆ ಗಣಕಯಂತ್ರಗಳನ್ನಿತ್ತ ದಾನಿಗಳೂ ಅರಿಯುವುದು ಉಚಿತ.

ವಾರ್ತಾಸಂಸ್ಥೆಯು ತನ್ನ ಸುದ್ದಿಗಳನ್ನು ಯಂತ್ರವು ಓದಬಲ್ಲ ಪಟ್ಟಿಯ ರೂಪದಲ್ಲಿಯೂ ಒದಗಿಸುತ್ತದೆ. ಇದಕ್ಕೆ ಫೀಡ್ ಎಂದು ಹೆಸರು. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ ಒಂದು ವಿಧಾನವು 2002ರ ಆವೃತ್ತಿಯಲ್ಲಿ ‘ರಿಯಲಿ ಸಿಂಪಲ್ ಸಿಂಡಿಕೇಷನ್’ ಎನಿಸಿತು. 2005ರಲ್ಲಿ ‘ಆಟಮ್’ ಎಂಬ ಇನ್ನೊಂದು ವಿಧಾನ ಅಂಗೀಕೃತವಾಯಿತು. ಪ್ರತಿಯೊಂದು ಸುದ್ದಿಗೂ ಅದರಲ್ಲಿ ಶೀರ್ಷಿಕೆ, ಸಾರಾಂಶ, ಕೊಂಡಿ, ಗುರುತು ಹಾಗೂ ಪ್ರಕಟಣೆಯ ಸಮಯಗಳಿಗೆ ಸ್ಥಾನವಿದೆ. ಒಂದೇ ಸುದ್ದಿ ಎರಡು ಬಾರಿ ಬಂದರೆ ಗುರುತಿನಿಂದ ಅದನ್ನು ಕಂಡುಹಿಡಿದು ಬಿಟ್ಟುಬಿಡಬಹುದು.

ಓದುಗನ ಬ್ರೌಸರ್, ಅನುಮತಿಯಿಲ್ಲದೆ ಅನ್ಯತಾಣದ ಪಟ್ಟಿಯನ್ನು ಓದಲು ಪುಟಕ್ಕೆ ಎಡೆಗೊಡದು. ಆದಕಾರಣ ಶಾಲೆಯ ಸರ್ವರ್ ಯಂತ್ರವೇ ನಿಯತ ಅವಧಿಗೊಮ್ಮೆ ಪಟ್ಟಿಯನ್ನು ತಂದಿಟ್ಟುಕೊಂಡು ಎಲ್ಲರಿಗೂ ಹಂಚುತ್ತದೆ. ಹಿಂದಿನ ಬಾರಿಯಿಂದೀಚೆಗೆ ಬದಲಾವಣೆ ಇದೆಯೇ ಎಂದು ಅದು ಮೊದಲು ವಿಚಾರಿಸಬಹುದು. ಇಲ್ಲವಾದರೆ 304 ಎಂಬ ಸಂಕೇತವಷ್ಟೇ ಮರಳುತ್ತದೆ. ಹೊರಗಿನಿಂದ ಬಂದ ಬರಹದಲ್ಲಿ ಕುಚೋದ್ಯದ ಆದೇಶಗಳು ಅಡಗಿರಬಹುದಾದ್ದರಿಂದ ಅದನ್ನು ಶೋಧಿಸಿಯೇ ಪ್ರದರ್ಶಿಸಬೇಕು.

ಕನ್ನಡಕ್ಕೆ ವಿಶೇಷ ಎಚ್ಚರಿಕೆ ಬೇಕು. 1991ರಿಂದ ಯೂನಿಕೋಡ್‌ನಲ್ಲಿ ನಮ್ಮ ಲಿಪಿಗೆ ಸ್ಥಾನವಿದೆ. ಯುಟಿಎಫ್-8 ಕ್ರಮದಲ್ಲಿ ಅದರ ಒಂದೊಂದು ಸಂಕೇತಕ್ಕೂ 3 ಬೈಟ್‌ಗಳು. ‘ಕ್ಷ’ ಎಂಬ ಸಂಯುಕ್ತಾಕ್ಷರವು 3 ಸಂಕೇತಗಳಿಂದ, ಎಂದರೆ 9 ಬೈಟ್‌ಗಳಿಂದ ಕೂಡಿದೆ. ಶೀರ್ಷಿಕೆಯನ್ನು ಬೈಟ್‌ಗಳ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರವೇ ಒಡೆದುಹೋದೀತು.

ಇವೆಲ್ಲಕ್ಕಿಂತ ಮಿಗಿಲಾದದ್ದು ಕಾಲದ ಸತ್ಯ. ಸಂಪರ್ಕ ಕಡಿದಾಗಲೂ ಸಂಗ್ರಹದಲ್ಲಿದ್ದ ಹಳೆಯ ಸುದ್ದಿ ‘ಲೈವ್’ ಎಂಬ ಹಣೆಪಟ್ಟಿಯಡಿಯಲ್ಲಿ ಹೊಳೆಯುತ್ತಲೇ ಇರಬಹುದು. ಚನ್ನಗಿರಿಯ ಅಡಿಕೆ ಬೆಳೆಗಾರನು ನಿನ್ನೆಯ ಧಾರಣೆಯನ್ನು ಇಂದಿನದೆಂದು ನಂಬಿ ಮಾರಿದರೆ ನಷ್ಟ ಅವನದೇ. ತುಂಗಾ ಭದ್ರಾ ಜಲಾಶಯಗಳಿಂದ ನೀರು ಬಿಟ್ಟ ವಾರ್ತೆ ತಡವಾದರೆ ಹೊನ್ನಾಳಿಯ ನದೀತೀರದ ಮನೆಗಳಿಗೆ ಅಪಾಯ. ನ್ಯಾಮತಿಯ ಮೆಕ್ಕೆಜೋಳದ ಒಕ್ಕಣೆಗೂ, ಬರದ ಸೀಮೆಯಾದ ಜಗಳೂರಿನ ಬಿತ್ತನೆಗೂ ಮಳೆಯ ಮುನ್ಸೂಚನೆ ಎಂದಿನದೆಂಬುದೇ ಮುಖ್ಯ. ಇನ್ನೊಂದು ತೊಡಕೂ ಉಂಟು: ಜಾಗತಿಕ ಕಾಲಮಾನಕ್ಕಿಂತ ನಮ್ಮದು 5 ಗಂಟೆ 30 ನಿಮಿಷ ಮುಂದಿರುವುದರಿಂದ, ಸಮಯವನ್ನು ಪರಿವರ್ತಿಸದಿದ್ದರೆ ರಾತ್ರಿ 8ರ ಸುದ್ದಿ ಮಧ್ಯಾಹ್ನ 2.30ರದೆಂದು ತೋರುತ್ತದೆ.

ಆದ್ದರಿಂದ ಪ್ರತಿ ವಾರ್ತೆಯ ಕೆಳಗೆ ಮೂಲದ ಹೆಸರು, ಅದು ಪ್ರಕಟವಾದ ಸಮಯ, ನಮಗೆ ತಲುಪಿದ ಸಮಯ ಈ ಮೂರೂ ಇರತಕ್ಕದ್ದು. ಸಂಪರ್ಕ ತಪ್ಪಿದ್ದರೆ ‘ಈ ಮಾಹಿತಿ ಹಳೆಯದು’ ಎಂದು ಫಲಕವೇ ನುಡಿಯಬೇಕು. ವೇಗ ಯಂತ್ರದ ಗುಣ. ದಿನಾಂಕವನ್ನು ಪ್ರಾಮಾಣಿಕವಾಗಿ ಬರೆಯುವುದು ಮನುಷ್ಯನ ಹೊಣೆ. ಹಲಗೆಯ ಮೇಲೆ ಕಲಿತ ಆ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಪರದೆಯ ಮೇಲೂ ಉಳಿಸಿಕೊಳ್ಳಲಿ.