ಹಳೆಯ ಕಂಪ್ಯೂಟರ್ ಕುಂಟುತ್ತಿದೆಯೇ? ಮೊದಲು ಕೇಬಲ್ ನೋಡಿ

ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್. ಫೋಟೊಗಳನ್ನು ಕಾಪಿ ಮಾಡಲು ಇಟ್ಟರೆ ಮೌಸ್ ಬಾಣ ತಡವರಿಸುತ್ತದೆ, ಹಾಡು ತುಂಡುತುಂಡಾಗಿ ಕೇಳುತ್ತದೆ. ವೈರಸ್ ಇರಬೇಕೆಂದು ಫಾರ್ಮ್ಯಾಟ್ ಮಾಡಿಸಿದರೆ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಕಥೆ. ಹೀಗಾದರೆ ಹಾರ್ಡ್ ಡಿಸ್ಕ್ ಪಿಐಒ ಎಂಬ ನಿಧಾನದ ಮೋಡ್‌ಗೆ ಇಳಿದಿರುವ ಸಾಧ್ಯತೆ ಹೆಚ್ಚು.

ಅಗಲವಾದ ಪಟ್ಟಿ ಕೇಬಲ್‌ನ ಐಡಿಇ ಡಿಸ್ಕ್‌ಗಳಲ್ಲಿ ಡೇಟಾ ಸಾಗಲು ಎರಡು ದಾರಿ. ಪಿಐಒದಲ್ಲಿ ಪ್ರೊಸೆಸರೇ ಡೇಟಾವನ್ನು ಒಂದೊಂದು ಬಾರಿಗೆ ಎರಡೆರಡು ಬೈಟ್‌ನಂತೆ ಸಾಗಿಸಬೇಕು. ಅಂಗಡಿಯ ಯಜಮಾನನೇ ಗಲ್ಲಾ ಬಿಟ್ಟು ಮೂಟೆ ಹೊತ್ತ ಹಾಗೆ. ಅದರ ಗರಿಷ್ಠ ವೇಗ ಸೆಕೆಂಡಿಗೆ 16.7 ಎಂಬಿ. ಡಿಎಂಎಯಲ್ಲಿ ಕಂಟ್ರೋಲರ್ ಚಿಪ್ ನೇರವಾಗಿ ಮೆಮೊರಿಗೆ ಡೇಟಾ ಇಳಿಸುತ್ತದೆ, ಪ್ರೊಸೆಸರ್ ತನ್ನ ಕೆಲಸ ನೋಡಿಕೊಳ್ಳುತ್ತದೆ. ಅಲ್ಟ್ರಾ ಡಿಎಂಎ ವೇಗ 33ರಿಂದ 66, 100, ಕೊನೆಗೆ 133 ಎಂಬಿಯವರೆಗೆ ಏರಿತು.

ವೇಗ ಏರಿದಂತೆ ಪಕ್ಕಪಕ್ಕದ ತಂತಿಗಳ ಸಂಕೇತಗಳು ಒಂದರ ಮೇಲೊಂದು ಪ್ರಭಾವ ಬೀರುವುದೂ ಹೆಚ್ಚುತ್ತದೆ. ಅದಕ್ಕೇ 33ಕ್ಕಿಂತ ಮೇಲಿನ ವೇಗಕ್ಕೆ 80 ತಂತಿಯ ಕೇಬಲ್ ಬೇಕು. ಪಿನ್ನುಗಳು 40ರಷ್ಟೇ, ಹೆಚ್ಚುವರಿ 40 ತಂತಿಗಳು ನಡುನಡುವೆ ಗ್ರೌಂಡ್ ಆಗಿ ನಿಂತು ಗದ್ದಲ ತಡೆಯುತ್ತವೆ. ಉದ್ದ 18 ಇಂಚು ಮೀರಬಾರದು. ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮೊದಲ ಡಿಸ್ಕ್‌ಗೆ, ನಡುವಿನ ಬೂದು ಬಣ್ಣದ್ದು ಎರಡನೆಯದಕ್ಕೆ.

ಅಲ್ಟ್ರಾ ಡಿಎಂಎಯಲ್ಲಿ ಡೇಟಾದ ಪ್ರತಿ ಕಂತಿನ ಕೊನೆಗೆ ಎರಡೂ ಕಡೆಯವರು ಸಿಆರ್‌ಸಿ ಎಂಬ ಲೆಕ್ಕ ಹಾಕುತ್ತಾರೆ. ತಾಳೆಯಾಗದಿದ್ದರೆ ಡೇಟಾ ಮತ್ತೆ ಹೊರಡಬೇಕು. ಇಂಥ ಸಿಆರ್‌ಸಿ ತಪ್ಪುಗಳು ಅಥವಾ ಡಿಸ್ಕ್ ಸಮಯಕ್ಕೆ ಉತ್ತರಿಸದ ಪ್ರಸಂಗಗಳು ಒಟ್ಟು ಆರಕ್ಕೆ ಮುಟ್ಟಿದರೆ ಎಕ್ಸ್‌ಪಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಪಿಐಒ ತಲುಪುತ್ತದೆ, ತಾನಾಗಿ ಮೇಲೇರುವುದಿಲ್ಲ.

ಪರೀಕ್ಷಿಸುವುದು ಸುಲಭ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆರೆದು, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಕರೆಂಟ್ ಟ್ರಾನ್ಸ್‌ಫರ್ ಮೋಡ್ ನೋಡಿ. ಪಿಐಒ ಎಂದಿದ್ದರೆ ಮೊದಲು ಮುಖ್ಯ ಕಡತಗಳ ಬ್ಯಾಕಪ್ ತೆಗೆದುಕೊಳ್ಳಿ, ನಿಧಾನವಾದರೂ ಸರಿ. ಆಮೇಲೆ ಕಂಪ್ಯೂಟರ್ ಆರಿಸಿ, ಕೇಬಲ್ ಬದಲಿಸಿ. ಮತ್ತೆ ಆನ್ ಮಾಡಿ ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಡಿಎಂಎ ಹಚ್ಚುತ್ತದೆ.

ಮತ್ತೆ ಇಳಿದರೆ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿ ನೋಡಿ. 199ನೇ ಸಾಲಿನ ಸಿಆರ್‌ಸಿ ಎಣಿಕೆ ಏರುತ್ತಿದ್ದರೆ ದೋಷ ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್‌ನದು. 5 ಮತ್ತು 197ನೇ ಸಾಲುಗಳು ಏರುತ್ತಿದ್ದರೆ ಡಿಸ್ಕಿನ ಸೆಕ್ಟರ್‌ಗಳೇ ಹಾಳಾಗುತ್ತಿವೆ, ಹೊಸ ಡಿಸ್ಕ್ ತರಬೇಕು.

‘ನಿಧಾನವಾದರೇನು, ಪಿಐಒ ಸುರಕ್ಷಿತ’ ಎನ್ನುವವರಿದ್ದಾರೆ. ಅದು ತಪ್ಪು. ಪಿಐಒದಲ್ಲಿ ಕೇಬಲ್ ಮೇಲಿನ ಡೇಟಾಕ್ಕೆ ಸಿಆರ್‌ಸಿ ತಪಾಸಣೆಯೇ ಇಲ್ಲ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೂ ಹೇಳುವವರಿಲ್ಲ. ತಪ್ಪು ಹಿಡಿದು ತೋರಿಸುತ್ತಿದ್ದ ಡಿಎಂಎಯನ್ನು ದೂರಬೇಡಿ, ಕೇಬಲ್ ಬದಲಿಸಿ.