ಗಬ್ಬ ನಿಲ್ಲದ ಹಸುವಿನ ಹಳೇ ಲೆಕ್ಕ

ಮೂರು ಸಲ ಸೆಮೆನ್ ಹಾಕಿಸಿದರೂ ಹಸು ಗಬ್ಬ ನಿಲ್ಲಲಿಲ್ಲ ಎಂದರೆ ದೂರು ಬೀಳುವುದು ಸೆಮೆನ್ ಮೇಲೆ, ಇಲ್ಲವೇ ಹಾಕಿದವರ ಕೈಗುಣದ ಮೇಲೆ. ಅದು ನಿಜವಿದ್ದರೂ ಇರಬಹುದು. ಆದರೆ ಎಷ್ಟೋ ಹಸುಗಳಲ್ಲಿ ತೊಡಕು ಶುರುವಾಗಿರುವುದು ಹಿಂದಿನ ಸಲ ಈದ ದಿನಗಳಲ್ಲೇ.

ಈಯುವ ಮೂರು ವಾರ ಮೊದಲಿನಿಂದ ಈದ ಮೂರು ವಾರದವರೆಗೆ ಹಾಲಿನ ಹಸುವಿನ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ತಿಂದ ಮೇವು ಹಾಲಿಗೆ ಸಾಲದೆ ಮೈಕೊಬ್ಬು ಕರಗುತ್ತದೆ, ರಕ್ತದ ಕ್ಯಾಲ್ಸಿಯಂ ಇಳಿಯುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಗರ್ಭಕೋಶಕ್ಕೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ನುಂಗುವುದು ಈ ಕಣಗಳೇ. ಸತ್ತೆ ಕಳಚಿ ಬೀಳಲು ನೆರವಾಗುವುದೂ ಇವೇ. ಅಮೆರಿಕದ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತೆ ಬೀಳದ ಹಸುಗಳ ನ್ಯೂಟ್ರೋಫಿಲ್‌ಗಳು ಈಯುವ ಮೊದಲೇ ಸೋತಿದ್ದವು. ನೇತಾಡುವ ಸತ್ತೆಗೆ ಕಲ್ಲು ಕಟ್ಟುವವರು ಇನ್ನೂ ಇದ್ದಾರೆ. ಅದರಿಂದ ಗರ್ಭಕೋಶದ ಒಳಪದರ ಹರಿದು ಸೋಂಕಿಗೆ ದಾರಿಯಾಗುತ್ತದೆ, ಅಷ್ಟೆ.

ಹರಿಹರದ ಕಡೆ, ಭದ್ರಾ ನಾಲೆಯ ನೀರು ಹರಿಯುವಲ್ಲಿ, ಭತ್ತದ ಹುಲ್ಲಿಗೆ ಬರವಿಲ್ಲ. ಹೊಟ್ಟೆಯೇನೋ ತುಂಬುತ್ತದೆ. ಆದರೆ ಅದರಲ್ಲಿ ಪ್ರೋಟೀನ್ ಕಡಿಮೆ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ, ನ್ಯೂಟ್ರೋಫಿಲ್‌ಗಳಿಗೆ ಬೇಕಾದ ವಿಟಮಿನ್ ಇ ಒಣಗುವಾಗಲೇ ಬಹುಪಾಲು ಹೋಗಿರುತ್ತದೆ. ಹಾಲು ಬತ್ತಿಸಿದ ಹಸುವಿಗೆ ಬರೀ ಹುಲ್ಲು ಸಾಕೆನ್ನುವುದು, ನನ್ನ ಪ್ರಕಾರ, ಬಲು ದುಬಾರಿ ಉಳಿತಾಯ. ಹಸಿಮೇವು, ಖನಿಜ ಮಿಶ್ರಣ ಬೇಕಾಗುವುದೇ ಆಗ. ದಾವಣಗೆರೆ ಸುತ್ತ ಮೆಕ್ಕೆಜೋಳ ಹೇರಳ. ಬೂಷ್ಟು ಹಿಡಿದದ್ದನ್ನು ದನಕ್ಕೆ ಸುರಿದರೆ ಮಾತ್ರ ಅದರ ಅಫ್ಲಾಟಾಕ್ಸಿನ್ ವಿಷ ಇದೇ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ.

ಒಳಗುಳಿದ ಸೋಂಕು ಕೆಲವೊಮ್ಮೆ ಬೆದೆಯಲ್ಲಿ ಗೊತ್ತಾಗುತ್ತದೆ. ಬಾಲದಡಿ ಇಳಿಬೀಳುವ ಲೋಳೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಸರಿ, ಬಿಳಿ ಚುಕ್ಕೆಗಳಿದ್ದರೆ ಅದು ಕೀವು, ಚಿಕಿತ್ಸೆ ಮೊದಲು, ಸೆಮೆನ್ ಆಮೇಲೆ.

ಭ್ರೂಣ ಮೂಡಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಅದರ ಅರ್ಧ ಹೋರಿಯದು, ತಾಯಿಯ ಮೈಗೆ ಹೊರಗಿನದು. 16ನೇ ದಿನದ ಸುಮಾರಿಗೆ ಭ್ರೂಣ ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನನ್ನು ಸ್ರವಿಸಿ ತಾನಿರುವುದನ್ನು ತಿಳಿಸುತ್ತದೆ. ವೈರಸ್ ಬಂದಾಗ ಮೈ ಎಬ್ಬಿಸುವ ಪ್ರೋಟೀನ್‌ಗಳ ಬಳಗದ್ದೇ ಇದು. ಉರಿಯೂತದ ಗರ್ಭಕೋಶದಲ್ಲಿ ಭ್ರೂಣ ಸರಿಯಾಗಿ ಬೆಳೆಯದೆ ಈ ಸುದ್ದಿ ಮುಟ್ಟದಿದ್ದರೆ, 21ನೇ ದಿನದ ಹೊತ್ತಿಗೆ ಹಸು ಮತ್ತೆ ಬೆದೆಗೆ ಬರುತ್ತದೆ. ಮುಟ್ಟಿದರೆ ತಾಯಿಯ ಬಿಳಿ ರಕ್ತಕಣಗಳಲ್ಲೂ ಅದರ ಗುರುತು ಮೂಡುತ್ತದೆ. ಅದನ್ನು ಹಿಡಿದು ಮೂರು ವಾರದೊಳಗೇ ಗಬ್ಬ ಪತ್ತೆಹಚ್ಚುವ ಸಂಶೋಧನೆಗಳು ನಡೆದಿವೆ. ನಮ್ಮ ಕೊಟ್ಟಿಗೆಗಳಲ್ಲಿ ಸದ್ಯಕ್ಕೆ ಕೈಹಾಕಿ ನೋಡುವ ಡಾಕ್ಟರೇ ಗತಿ, ಅದೂ ಒಂದೂವರೆ ಎರಡು ತಿಂಗಳಾದ ಮೇಲೆ.