ಒಂದೇ ಮುಖದ ಐದು ಸೊಳ್ಳೆಗಳು

ತುಮಕೂರಿನಿಂದ ಕುಣಿಗಲ್ ಕಡೆಗೆ ಹೊರಟರೆ ಗೂಳೂರು ಸಿಗುತ್ತದೆ. ಕೆರೆ, ತೆಂಗು ಅಡಿಕೆಯ ತೋಟ, ಬಾವಿ, ದನದ ಕೊಟ್ಟಿಗೆ ಇರುವ ಇಂಥ ಬಯಲುಸೀಮೆ ಊರುಗಳು ಅನಾಫಿಲಿಸ್ ಕ್ಯುಲಿಸಿಫೇಸಿಸ್ ಎಂಬ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ನಮ್ಮ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಇದು. ಆದರೆ ಈ ಹೆಸರು ಹೊತ್ತ ಸೊಳ್ಳೆಗಳೆಲ್ಲ ಒಂದೇ ಜಾತಿಯವಲ್ಲ.

ಅದನ್ನು ಮೊದಲು ತಿಳಿಸಿದ್ದು ವರ್ಣತಂತುಗಳು. ರಕ್ತ ಕುಡಿದು ಅರ್ಧ ಅರಗಿಸಿಕೊಂಡ ಹೆಣ್ಣು ಸೊಳ್ಳೆಯ ಅಂಡಾಶಯದಲ್ಲಿ ಕೆಲವು ಜೀವಕೋಶಗಳು ಒಡೆದು ಎರಡಾಗದೆ ತಮ್ಮ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡುತ್ತವೆ. ಎಳೆಗಳೆಲ್ಲ ಒತ್ತಾಗಿ ಸೇರಿ, ಹುರಿಗೊಳಿಸಿದ ಹಗ್ಗದಂತೆ ದಪ್ಪಗಾಗುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಉದ್ದಕ್ಕೂ ಕಪ್ಪು ಬಿಳುಪಿನ ಅಡ್ಡಪಟ್ಟಿಗಳು ಕಾಣುತ್ತವೆ. ಕೆಲವೊಮ್ಮೆ ವರ್ಣತಂತುವಿನ ಒಂದು ತುಂಡು ಕಿತ್ತು, ತಲೆಕೆಳಗಾಗಿ ಮತ್ತೆ ಅಲ್ಲೇ ಕೂಡಿಕೊಳ್ಳುತ್ತದೆ. 1, 2, 3, 4, 5 ಇದ್ದ ಪಟ್ಟಿಗಳು 1, 4, 3, 2, 5 ಆಗುತ್ತವೆ. ಈ ಎರಡು ಬಗೆಯ ಕ್ರಮವಿರುವ ಸೊಳ್ಳೆಗಳು ಕೂಡಿ ಸಂತಾನ ಪಡೆದಿದ್ದರೆ, ಒಂದೊಂದು ಕ್ರಮದ ಮಿಶ್ರ ಜೋಡಿಯ ವರ್ಣತಂತುಗಳು ಸುರುಳಿ ಬಿದ್ದು ಕಾಣಬೇಕು. 1980ರಲ್ಲಿ ಗ್ರೀನ್ ಮತ್ತು ಮೈಲ್ಸ್ ಎಂಬ ಸಂಶೋಧಕರು ನೋಡಿದಾಗ, ಒಂದೇ ಊರಿನ ಸೊಳ್ಳೆಗಳಲ್ಲಿ ಎರಡೂ ಬಗೆ ಇದ್ದವು, ಮಿಶ್ರ ಜೋಡಿ ಮಾತ್ರ ಇರಲಿಲ್ಲ. ಒಂದೇ ಕೊಟ್ಟಿಗೆಯಲ್ಲಿದ್ದರೂ ಅವು ಸಂಬಂಧ ಬೆಳೆಸುತ್ತಿರಲಿಲ್ಲ! ಅವಕ್ಕೆ ಎ, ಬಿ ಎಂದು ಹೆಸರಾಯಿತು. ಸರಳಾ ಸುಬ್ಬರಾವ್ ಮತ್ತು ಸಂಗಡಿಗರ ಕೆಲಸದಿಂದ ಸಿ, ಆಮೇಲೆ ಡಿ, 1999ರಲ್ಲಿ ರಾಮೇಶ್ವರದಿಂದ ಇ ಸೇರಿದವು.

ಇಂಥ ಹುಡುಕಾಟ ಕರ್ನಾಟಕಕ್ಕೆ ಹೊಸದಲ್ಲ. ಸ್ವೀಟ್ ಮತ್ತು ಬಿ.ಎ. ರಾವ್ ಎಂಬ ಸಂಶೋಧಕರು 1937ರಲ್ಲಿ, ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಇನ್ನೊಂದು ಸೊಳ್ಳೆಯ ಪೇಟೆಯ ಮೊಟ್ಟೆಗೂ ಹಳ್ಳಿಯದಕ್ಕೂ, ಮೊಟ್ಟೆಯನ್ನು ನೀರಲ್ಲಿ ತೇಲಿಸುವ ಪಟ್ಟಿಯ ಗೆರೆಗಳ ಎಣಿಕೆಯಲ್ಲಿ ವ್ಯತ್ಯಾಸ ಕಂಡರು. ಕಡಿಮೆ ಗೆರೆಯ ರೂಪಕ್ಕೆ ಇಂದಿಗೂ ಮೈಸೂರೆನ್ಸಿಸ್ ಎಂದೇ ಹೆಸರು.

ವ್ಯತ್ಯಾಸ ಗೊತ್ತಿದ್ದರೆ ಏನು ಲಾಭ? ಕ್ಯುಲಿಸಿಫೇಸಿಸ್‌ಗಳನ್ನೇ ನೋಡಿ: ಎ ಮಲೇರಿಯಾ ಹರಡುತ್ತದೆ. ಬಿ ಹೆಚ್ಚಾಗಿ ದನಗಳ ರಕ್ತವನ್ನೇ ಹೀರುತ್ತದೆ, ಅದರಿಂದ ರೋಗ ಹರಡುವುದು ತೀರ ಕಡಿಮೆ. ಉತ್ತರ ಭಾರತದಲ್ಲಿ ಎರಡೂ ಜೊತೆಗಿರುವ ಕಡೆ ಡಿಡಿಟಿಗೆ ಎ ಬೇಗ ಸಾಯುತ್ತದೆ, ಬಿ ಹೆಚ್ಚು ತಡೆದುಕೊಳ್ಳುತ್ತದೆ ಎಂಬುದು ಕಂಡುಬಂತು. ಎರಡನ್ನೂ ಒಂದೇ ಎಂದು ಎಣಿಸುವ ಸಿಬ್ಬಂದಿಗೆ ಸಿಂಪಡಣೆಯಾದ ಮೇಲೂ ಸೊಳ್ಳೆ ಕಡಿಮೆಯಾಗಿಲ್ಲ ಅನ್ನಿಸುತ್ತದೆ. ರೋಗ ತರುವ ಎ ಅಷ್ಟರಲ್ಲಿ ಸತ್ತಿರಬಹುದು! ಸೊಳ್ಳೆ ಎಷ್ಟಿದೆ ಎಂಬುದಕ್ಕಿಂತ ಯಾವುದಿದೆ ಎಂದು ಮೊದಲು ಕೇಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸಂಶೋಧಕ ಎಸ್.ಕೆ. ಘೋಷ್ ಮತ್ತು ಸಂಗಡಿಗರು ಕರ್ನಾಟಕದ ಹಳ್ಳಿಗಳಲ್ಲಿ ಆ ಪ್ರಶ್ನೆ ಕೇಳಿದರು. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಎ ಹೆಚ್ಚಾಗಿ ಬಾವಿಗಳಲ್ಲಿ ಮೊಟ್ಟೆಯಿಡುತ್ತಿತ್ತು, ಬಿ ಹಳ್ಳಗಳಲ್ಲಿ. ಬಾವಿಗಳಿಗೆ ಗಪ್ಪಿ ಮೀನು ಬಿಟ್ಟರು. ಮೀನು ಸೊಳ್ಳೆಯ ಮರಿಹುಳುಗಳನ್ನು ತಿಂದಿತು, ಎ ಕುಸಿಯಿತು, ಮಲೇರಿಯಾವೂ ಇಳಿಯಿತು. ಹಳ್ಳ ಹುಡುಕಿ ಔಷಧಿ ಹೊಡೆಯುವ ಬದಲು, ಬಾವಿಗೆ ಒಂದು ಹಿಡಿ ಮೀನು ಬಿಡುವುದೇ ಸಾಕಾಯಿತು.